ಅಂಚಿಗಷ್ಟೇ ಮಸಿ

ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಸಸ್ಕಾಚೆವಾನಿನ ಬಯಲಿನಲ್ಲಿ ಗಾಳಿಗೆ ತಡೆ ಅಂತ
ಇರುವುದು ಈ ಕರ್ಲಿಂಗ್ ಕ್ಲಬ್ಬೊಂದೇ.
ಗೋಡೆಯಾಚೆ ಮಂಜುಗಡ್ಡೆಯ ಮೇಲೆ ಕಲ್ಲು ಜಾರುವ ಗುಡುಗು,
ಈಚೆ ಮಡಚುವ ಮೇಜು, ನಾವು ಒಂಬತ್ತು ಮಂದಿ,
ಹೊಸ ಕಾಗದಕ್ಕೆ ಮುಪ್ಪು ಬರಿಸುವವರು.

ಬರುವ ಜುಲೈಗೆ ಊರಿಗೆ ನೂರು ತುಂಬುತ್ತದೆ.
ಸಭಾಂಗಣದ ಗೋಡೆ ತುಂಬ ಹಳೆಯ ಕಾಲ ಬೇಕಂತೆ.

ಡೊರೀನ್ ಹೇಳಿಕೊಡುತ್ತಾಳೆ:
ಕತ್ತರಿ ಇಡು ಆಚೆ. ಹರಿ.
ನಿನ್ನ ಕಡೆಗೆಳೆದು ಹರಿದರೆ ಬಿಳಿಯ ನಾರು ಎದ್ದು ನಿಲ್ಲುತ್ತದೆ,
ಬಣ್ಣ ಕುಡಿಯುವುದು ಅದೇ.
ಸ್ಪಂಜನ್ನು ಪ್ಯಾಡಿಗೆ ತಟ್ಟು, ಒತ್ತಬೇಡ.
ಬೇಡದ ಚೂರಿನ ಮೇಲೆ ಶುರುಮಾಡಿ
ಸುತ್ತಿ ಸುತ್ತಿ ಒಳಗೆ ಬಾ,
ಬೈಸಿಕೊಂಡ ಬೆಕ್ಕು ಅಡುಗೆಮನೆಗೆ ಬರುವ ಹಾಗೆ.
ನಡುವೆ ಮುಟ್ಟಬೇಡ. ವಯಸ್ಸು ಅಂಚಿನಿಂದ ಬರುತ್ತದೆ.

ನಾನು ಮೂವತ್ತನಾಲ್ಕು ವರ್ಷ ಧಾನ್ಯದ ಗೋದಾಮಿನಲ್ಲಿ ಗುಮಾಸ್ತೆ.
ನೇರಳೆ ಪ್ಯಾಡು, ರಬ್ಬರ್ ಮೊಹರು.
ದಬ್. ಸಂದಾಯವಾಗಿದೆ.
ದಬ್. ತೇವ ಹೆಚ್ಚು, ದರ ಕಡಿಮೆ.
ರಸೀದಿಯ ಅಂಚಿಗೆ ಹೆಬ್ಬೆರಳು ತಾಗಿತೋ,
ಹರಿದು ಇನ್ನೊಂದು ಬರೆಯುತ್ತಿದ್ದೆ.
ಮಸಿ ಬಳಿಯುವುದೆಂದರೆ ಮಾನ ಕಳೆಯುವುದು ಎಂದುಕೊಂಡಿದ್ದವಳು
ಈಗ ಡಾಲರು ಕೊಟ್ಟು ಕೊಳಕು ಮಾಡುತ್ತೇನೆ.
ಪ್ಯಾಡುಗಳ ಹೆಸರು ನೋಡಿ:
ಚಹಾ ಕಂದು. ಅಕ್ರೋಟದ ಸಿಪ್ಪೆ. ಬೇಲಿಯ ತುಕ್ಕು.

ವರ್ನಾ ಬೆರಳದ್ದಿ ನೀರು ಚಿಮುಕಿಸುತ್ತಾಳೆ,
ಹನಿ ಬಿದ್ದಲ್ಲಿ ಕಂದು ಹಿಂದೆ ಸರಿದು ಉಂಗುರವಾಗುತ್ತದೆ.
ಮುದುಡು, ಬಿಡಿಸು, ಸುಕ್ಕಿನ ನೆತ್ತಿಗೆ ಪ್ಯಾಡು ಸವರು,
ಬಿಸಿಗಾಳಿ ಊದು.
ಐದು ನಿಮಿಷಕ್ಕೆ ಎಂಬತ್ತು ವರ್ಷ.
ಸೂಪರ್ ಮಾರ್ಕೆಟ್ಟಿನ ಹಿಟ್ಟಿನ ಪೊಟ್ಟಣದ ಹಿಂದಿದ್ದ ಪಾಕವಿಧಾನ
ಮಾರ್ಜಳ ಕೈಯಲ್ಲಿ ಅವಳ ಮುತ್ತಜ್ಜಿಯದಾಯಿತು.
ಅಜ್ಜಿಗೆ ಅಡುಗೆ ಬರುತ್ತಿರಲಿಲ್ಲ ಎಂದು ಅವಳೇ ನಕ್ಕಳು.

ಆಗ ಲ್ಯುಬಾ ಬಿಸ್ಕತ್ತಿನ ಡಬ್ಬಿ ತೆರೆದಳು.
ಒಂದು ಪತ್ರ. ನಿಜವಾದದ್ದು. ಹಡಗಿನಲ್ಲಿ ಬಂದದ್ದು.
ತೊಂಬತ್ತು ವರ್ಷ ಮೀರಿದೆ, ಅಂದಳು.
ನಾವೆಲ್ಲ ಬಗ್ಗಿದೆವು.

ಹಾಲಿನಷ್ಟು ಬಿಳಿ.
ಕಲೆಯಿಲ್ಲ, ಸುಕ್ಕಿಲ್ಲ, ಒಂದೇ ಒಂದು ಮಡಿಕೆ, ಕತ್ತಿಯಂಚಿನ ಹಾಗೆ.
ನೇರಳೆ ಅಕ್ಷರ ನಿನ್ನೆ ಸಂಜೆ ಬರೆದಂತಿತ್ತು.
ಯಾರೂ ಮಾತಾಡಲಿಲ್ಲ. ಡೊರೀನ್ ಕೆಮ್ಮಿ,
‘ಚೆನ್ನಾಗಿದೆ. ಆದರೆ ಗೋಡೆಗೆ... ಹಳೆಯದರ ಹಾಗೆ ಕಾಣುವುದಿಲ್ಲ’ ಅಂದಳು.
ಮಾರ್ಜ್, ಪಾಪ, ಒಳ್ಳೆಯ ಮನಸ್ಸಿನಿಂದಲೇ,
ಚಹಾ ಕಂದಿನ ಪ್ಯಾಡನ್ನು ಅತ್ತ ತಳ್ಳಿದಳು.

ಲ್ಯುಬಾ ಡಬ್ಬಿಯ ಮೇಲೆ ಕೈಯಿಟ್ಟಳು.
‘ತಂಗಿ ಸತ್ತ ಸುದ್ದಿ ಇದು. ನನ್ನಜ್ಜಿ ಒಮ್ಮೆ ಓದಿದಳು.
ಮಡಿಸಿದಳು. ಮತ್ತೆ ಬಿಡಿಸಲಿಲ್ಲ.
ಬಿಳಿ ಉಳಿದಿರುವುದು ಅದಕ್ಕೆ.’
ಗೋಡೆಯಾಚೆ ಕಲ್ಲಿಗೆ ಕಲ್ಲು ತಾಗಿತು, ಯಾರೋ ಹೋ ಎಂದರು.

ನನ್ನ ಕೈಬರಹ ನೆಟ್ಟಗಿದೆಯೆಂದು ನಕಲು ನನ್ನ ಪಾಲಿಗೆ ಬಂತು.
ಗೊತ್ತಿಲ್ಲದ ಲಿಪಿ, ಗೆರೆ ಗೆರೆ ನೋಡಿ ಇಳಿಸಿದೆ,
ಕಾಳು ಎಣಿಸಿದ ಹಾಗೆ.
ಲ್ಯುಬಾ ತಡವರಿಸುತ್ತ ಓದಿ ಹೇಳಿದಳು:
ಹಸುವಿನ ಸಂಗತಿ, ಬಾವಿಯ ಸಂಗತಿ,
ಕೊನೆಗೆ ಎರಡೇ ಸಾಲು.
ಆ ಎರಡು ಸಾಲಿನ ಹತ್ತಿರ ಸ್ಪಂಜು ಒಯ್ಯಲಿಲ್ಲ.
ಅಂಚಿಗಷ್ಟೇ ಬಳಿದೆ.

ಮೂಲವನ್ನು ಹಿಂದಿರುಗಿಸುವಾಗ ಕಂಡಿತು:
ಕೆಳಗಿನ ಮೂಲೆಯಲ್ಲಿ ಕಂದು ಹೆಬ್ಬೆರಳು.
ನನ್ನದೇ. ಗೆರೆಗಳ ಸಮೇತ.
ಹರಿದು ಇನ್ನೊಂದು ಬರೆಯುವ ಹಾಗಿರಲಿಲ್ಲ.
ಬಾಯಿ ತೆರೆದೆ, ಮಾತು ಬರಲಿಲ್ಲ.

ಲ್ಯುಬಾ ಕನ್ನಡಕ ಮೇಲೆತ್ತಿ ಬಹಳ ಹೊತ್ತು ನೋಡಿದಳು.
‘ಇರಲಿ ಬಿಡು,’ ಅಂದಳು,
ಮಡಿಸದೆ, ಬಿಡಿಸಿಯೇ ಒಳಗಿಟ್ಟಳು.
ಡಬ್ಬಿ ಚಿಕ್ಕದು. ಮುಚ್ಚಳ ಸರಿಯಾಗಿ ಕೂರಲಿಲ್ಲ.